ಕಾಕ್‌ಟೇಲ್‌ಗೆ ಸ್ವಂತ ಘಮವಿರುವ ಕ್ರಾಫ್ಟ್ ವೋಡ್ಕಾ: ಆರಿಸುವುದು ಹೇಗೆ?

ಹೇಮಾವತಿ_ತೀರ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಒಟ್ಟಿಗೆ ಓದಿದ ಎಂಟು ಮಂದಿ ಸ್ನೇಹಿತರು ಮುಂದಿನ ತಿಂಗಳ ಮೊದಲ ಶನಿವಾರ ನಮ್ಮ ಮನೆಯಲ್ಲಿ ಸೇರುತ್ತಿದ್ದೇವೆ. ಊಟಕ್ಕೆ ಅಕ್ಕಿರೊಟ್ಟಿ, ಕೋಳಿಸಾರು, ಹೆಸರುಬೇಳೆ ಕೋಸಂಬರಿ ಎಂದು ನಿಶ್ಚಯವಾಗಿದೆ. ಅದಕ್ಕೆ ಮುಂಚೆ ಎರಡು ಕಾಕ್‌ಟೇಲ್ ಕೊಡಬೇಕೆಂದಿದ್ದೇನೆ. ಒಂದು ಕಿತ್ತಳೆ ಅಥವಾ ನಿಂಬೆಯ ಜಾತಿಯ ಹಣ್ಣಿನದು, ಇನ್ನೊಂದು ಸ್ವಲ್ಪ ಖಾರದ್ದು. ಬರುವವರಲ್ಲಿ ಮೂವರಿಗೆ ಜಿನ್‌ನಲ್ಲಿರುವ ಜೂನಿಪರ್ ವಾಸನೆ ಹಿಡಿಸುವುದಿಲ್ಲವಾದ್ದರಿಂದ ವೋಡ್ಕಾವನ್ನೇ ಆರಿಸಿಕೊಂಡೆ.

ನನ್ನ ತೊಡಕು ಇದು. ಕಳೆದ ವರ್ಷ ಇಂಥದ್ದೇ ಒಂದು ಸಂದರ್ಭಕ್ಕೆ, ಚೆಂದದ ಬಾಟಲಿಯ ಮೇಲೆ ‘ಕ್ರಾಫ್ಟ್’ (ಸಣ್ಣ ಪ್ರಮಾಣದಲ್ಲಿ ನಿಗಾ ವಹಿಸಿ ಮಾಡಿದ್ದು) ಎಂದು ದೊಡ್ಡದಾಗಿ ಬರೆದಿದ್ದ ಕಿತ್ತಳೆ ವೋಡ್ಕಾ ತಂದಿದ್ದೆ. ಮುಚ್ಚಳ ತೆಗೆದಾಗ ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಸಿಗುತ್ತಿದ್ದ ಕಿತ್ತಳೆ ಪೆಪ್ಪರ್‌ಮಿಂಟಿನ ವಾಸನೆ ಬಂತು. ನಿಂಬೆರಸ ಬೆರೆಸಿದ ಮೇಲೆ ಆ ಸಿಹಿ ವಾಸನೆಯೂ ಮಾಯವಾಗಿ ನಾಲಿಗೆಯ ಹಿಂಭಾಗದಲ್ಲಿ ಒಂದು ಕಹಿ ಮಾತ್ರ ಉಳಿಯಿತು. ಅತಿಥಿಗಳು ಮರ್ಯಾದೆಗಾಗಿ ಕುಡಿದರು. ನನಗೆ ಬಹಳ ಬೇಸರವಾಯಿತು. ವೋಡ್ಕಾ ಎಂದರೆ ರುಚಿಯಿಲ್ಲದ ಮದ್ಯ ಎಂದು ಹೇಳುವವರಿದ್ದಾರೆ. ಹಾಗಿದ್ದಲ್ಲಿ ಹೆಚ್ಚು ಹಣ ಕೊಡುವುದು ಯಾವುದಕ್ಕೆ? ನಿಜವಾಗಿ ಘಮವಿರುವ ವೋಡ್ಕಾವನ್ನು ಅಂಗಡಿಯಲ್ಲಿ ನಿಂತು ಗುರುತಿಸುವುದು ಹೇಗೆ? ಒಂದು ಬಾಟಲಿಗೆ ನಲವತ್ತು ಡಾಲರ್ ದಾಟದಂತೆ, ಸಾಧ್ಯವಾದರೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲೇ ತಯಾರಾಗುವುದನ್ನು ಸೂಚಿಸಿದರೆ ಉಪಕಾರವಾಗುತ್ತದೆ.

ಮೂರನೇ_ಅಡ್ಡರಸ್ತೆ (ಓಕ್ಲೆಂಡ್)

ಹೇಮಾವತಿ ಅವರೇ, ನಿಮಗಾದ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹತ್ತು ವರ್ಷಗಳಿಂದ ಮನೆಯಲ್ಲಿ ಕಾಕ್‌ಟೇಲ್ ಮಾಡುತ್ತ ಬಂದವನಾಗಿ ಹೇಳುವುದಾದರೆ, ವೋಡ್ಕಾಕ್ಕೆ ರುಚಿಯಿಲ್ಲ ಎಂಬುದು ಅಮೆರಿಕದಲ್ಲಿ ಬಹುಕಾಲ ಕಾನೂನಿನ ಮಾತೇ ಆಗಿತ್ತು. ವಿಶಿಷ್ಟ ಗುಣ, ಪರಿಮಳ, ರುಚಿ, ಬಣ್ಣ ಯಾವುದೂ ಇರಬಾರದು ಎಂಬ ವ್ಯಾಖ್ಯೆಯನ್ನು ಇಲ್ಲಿನ ಸರ್ಕಾರ ಕೈಬಿಟ್ಟದ್ದು 2020ರಲ್ಲಿ. ಒಳ್ಳೆಯ ತಯಾರಕರು ಅದಕ್ಕೆ ಎಷ್ಟೋ ಮುಂಚೆಯೇ ಧಾನ್ಯದ ಗುರುತು ಉಳಿಯುವಂತಹ ವೋಡ್ಕಾ ಮಾಡುತ್ತಿದ್ದರು.

ರುಚಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ಅರ್ಧ ಕೆಲಸ ಆದಂತೆ. ಇಲ್ಲಿನ ನಿಯಮದ ಪ್ರಕಾರ ವೋಡ್ಕಾಕ್ಕಾಗಿ ಬಟ್ಟಿ ಇಳಿಸುವಾಗ ಮದ್ಯಸಾರ ಶೇ. 95 ಅಥವಾ ಅದಕ್ಕಿಂತ ಹೆಚ್ಚಿನ ಮಟ್ಟಕ್ಕೆ ಏರಬೇಕು. ಆಮೇಲೆ ನೀರು ಬೆರೆಸಿ, ಸಾಮಾನ್ಯವಾಗಿ ಶೇ. 40ಕ್ಕೆ ಇಳಿಸುತ್ತಾರೆ. ಅಷ್ಟು ಎತ್ತರಕ್ಕೆ ಏರಿಸಿದಾಗ ಮೂಲ ವಸ್ತುವಿನ ಹೆಚ್ಚಿನ ಗುಣ ಹೊರಟುಹೋಗುತ್ತದೆ ಎಂಬುದು ನಿಜ, ಆದರೆ ಎಲ್ಲವೂ ಹೋಗುವುದಿಲ್ಲ. ರೈ ಧಾನ್ಯದಿಂದ ಮಾಡಿದ್ದರಲ್ಲಿ ಕಾಳುಮೆಣಸಿನ ಸಣ್ಣ ಚುರುಕು ಮತ್ತು ಸುಟ್ಟ ರೊಟ್ಟಿಯ ಅಂಚಿನ ವಾಸನೆ ಉಳಿಯುತ್ತದೆ. ಗೋಧಿಯದು ಮೃದು. ಮುಸುಕಿನ ಜೋಳದ್ದರಲ್ಲಿ ತುಸು ಸಿಹಿಯ ಛಾಯೆಯಿರುತ್ತದೆ. ಆಲೂಗಡ್ಡೆಯದು ಬಾಯಲ್ಲಿ ದಪ್ಪವಾಗಿ, ತಿಳಿಗಂಜಿಯಂತೆ ಹರಡಿಕೊಳ್ಳುತ್ತದೆ. ಇದರ ಮೇಲೆ ತಯಾರಕ ಎಷ್ಟು ಸೋಸಿದ್ದಾನೆ ಎಂಬುದೂ ಸೇರುತ್ತದೆ. ಇದ್ದಿಲಿನ ಮೂಲಕ ಹಲವು ಬಾರಿ ಹಾಯಿಸಿದರೆ ಕೆಟ್ಟದ್ದರ ಜೊತೆಗೆ ಒಳ್ಳೆಯದೂ ಹೋಗುತ್ತದೆ. ಆದ್ದರಿಂದ ‘ಆರು ಬಾರಿ ಬಟ್ಟಿ ಇಳಿಸಿದ್ದು’ ಎಂಬ ಜಾಹೀರಾತನ್ನು ನಾನು ಗುಣವೆಂದು ಓದುವುದಿಲ್ಲ. ಸ್ವೀಡನ್ನಿನ ಕಾರ್ಲ್‌ಸನ್ಸ್ ಗೋಲ್ಡ್ ಎಂಬುದನ್ನು ಎಳೆಯ ಆಲೂಗಡ್ಡೆಯಿಂದ ಮಾಡಿ ಒಂದೇ ಬಾರಿ ಬಟ್ಟಿ ಇಳಿಸುತ್ತಾರೆ. ಅದನ್ನು ಮೂಸಿದರೆ ಆಗತಾನೆ ಅಗೆದ ಹೊಲದ ಮಣ್ಣು ನೆನಪಾಗುತ್ತದೆ.

ಇನ್ನು ಅಂಗಡಿಯಲ್ಲಿ ನೋಡಬೇಕಾದದ್ದು. ‘ಕ್ರಾಫ್ಟ್’ ಎಂಬ ಪದಕ್ಕೆ ಇಲ್ಲಿನ ಕಾನೂನಿನಲ್ಲಿ ಅರ್ಥವಿಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು. ದೊಡ್ಡ ಕಾರ್ಖಾನೆಯಿಂದ ತಟಸ್ಥ (ಹೆಚ್ಚುಕಡಿಮೆ ರುಚಿ, ವಾಸನೆಯಿಲ್ಲದ) ಮದ್ಯಸಾರವನ್ನು ಕೊಂಡು, ನೀರು ಬೆರೆಸಿ, ಸೋಸಿ ತುಂಬಿಸುವವರು ಬಹಳ ಮಂದಿ ಇದ್ದಾರೆ. ಹಿಂದಿನ ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ ‘ಡಿಸ್ಟಿಲ್ಡ್ ಬೈ’ ಎಂದಿದ್ದರೆ ಆ ಸಂಸ್ಥೆ ತಾನೇ ಬಟ್ಟಿ ಇಳಿಸಿದೆ ಎಂದರ್ಥ. ‘ಬಾಟಲ್ಡ್ ಬೈ’ ಎಂದಷ್ಟೇ ಇದ್ದರೆ ತುಂಬಿಸಿದ್ದು ಮಾತ್ರ ಖಚಿತ. ಎರಡನೆಯದಾಗಿ, ಮದ್ಯಸಾರದ ಪ್ರಮಾಣ ನೋಡಿ. ಪರಿಮಳ ಸೇರಿಸಿದ ವೋಡ್ಕಾಕ್ಕೆ ಇಲ್ಲಿ ಶೇ. 30ರವರೆಗೂ ಇಳಿಯುವ ಅವಕಾಶವಿದೆ. ಶೇ. 40 ಇರುವ ಕಿತ್ತಳೆ ವೋಡ್ಕಾವೂ ಶೇ. 30 ಇರುವ ಕಿತ್ತಳೆ ವೋಡ್ಕಾವೂ ಪಕ್ಕಪಕ್ಕದಲ್ಲಿದ್ದರೆ ನಾನು ಮೊದಲನೆಯದನ್ನೇ ಕೈಗೆತ್ತಿಕೊಳ್ಳುತ್ತೇನೆ. ಐಸಿನೊಡನೆ ಅಲುಗಾಡಿಸುವಾಗ ಲೋಟಕ್ಕೆ ನೀರು ಬಹಳಷ್ಟು ಸೇರುವುದರಿಂದ, ಮೊದಲೇ ತೆಳುವಾದದ್ದು ಕೊನೆಗೆ ನೀರಾಗಿಯೇ ಉಳಿಯುತ್ತದೆ. ಸಾದಾ ವೋಡ್ಕಾಕ್ಕೂ ಲೀಟರಿಗೆ ಎರಡು ಗ್ರಾಂವರೆಗೆ ಸಕ್ಕರೆ, ಒಂದು ಗ್ರಾಂವರೆಗೆ ಸಿಟ್ರಿಕ್ ಆಮ್ಲ ಸೇರಿಸಲು ನಿಯಮ ಬಿಡುತ್ತದೆ. ‘ನುಣುಪು’ ಎಂದು ಹೊಗಳುವ ಕೆಲವು ಬಾಟಲಿಗಳ ನುಣುಪು ಬರುವುದು ಅಲ್ಲಿಂದ.

ನಿಮ್ಮ ಊರಿನ ಹತ್ತಿರದ್ದೇ ಬೇಕೆಂದರೆ ಅಲಮೀಡಾದ ಸೇಂಟ್ ಜಾರ್ಜ್ ಸ್ಪಿರಿಟ್ಸ್ ನಿಮಗೆ ಅರ್ಧ ಗಂಟೆಯ ದಾರಿ. ಜರ್ಮನಿಯಿಂದ ಬಂದ ಯೋರ್ಗ್ ರುಫ್ ಅವರು 1982ರಲ್ಲಿ ಪೇರುಹಣ್ಣಿನ (ಪಿಯರ್) ಬ್ರಾಂದಿಯಿಂದ ಆರಂಭಿಸಿದ ಈ ಸಂಸ್ಥೆ ಈಗ ನೌಕಾಪಡೆಯ ಹಳೆಯ ವಿಮಾನ ಕೊಟ್ಟಿಗೆಯೊಂದರಲ್ಲಿದೆ. ಹ್ಯಾಂಗರ್ ಒನ್ ಎಂಬ ವೋಡ್ಕಾ ಮೊದಲು ರೂಪುಗೊಂಡದ್ದೂ ಅದೇ ಅಲಮೀಡಾದಲ್ಲಿ. ಕಿತ್ತಳೆ ಜಾತಿಯ ಮ್ಯಾಂಡರಿನ್ ಹೂವನ್ನೂ ‘ಬುದ್ಧನ ಕೈ’ ಎಂಬ ಬೆರಳು ಬೆರಳಾದ ಹಣ್ಣನ್ನೂ ಬಳಸಿ ಅವರು ಮಾಡಿದ ವೋಡ್ಕಾಗಳು ಹಣ್ಣಿನ ವೋಡ್ಕಾ ಎಂದರೆ ಏನೆಂಬುದನ್ನು ನನ್ನಂಥವರಿಗೆ ಕಲಿಸಿದವು. ಆ ಬುದ್ಧನ ಕೈ ನಮ್ಮ ಮಾದಲ ಹಣ್ಣಿನದೇ ಜಾತಿ. ರಸವಿಲ್ಲ, ತಿರುಳಿಲ್ಲ, ಎಲ್ಲವೂ ಸಿಪ್ಪೆ. ಆದರೆ ಒಂದು ಹಣ್ಣನ್ನು ಮೇಜಿನ ಮೇಲಿಟ್ಟರೆ ಇಡೀ ಕೋಣೆ ಘಮಗುಡುತ್ತದೆ.

ಸೇಂಟ್ ಜಾರ್ಜ್‌ನವರು ಈಗ ತಮ್ಮ ಹೆಸರಿನಲ್ಲೇ ಮೂರು ವೋಡ್ಕಾ ಮಾಡುತ್ತಾರೆ. ‘ಆಲ್ ಪರ್ಪಸ್’ ಎಂಬುದು ಸಾದಾ. ಆದರೆ ಅದರಲ್ಲಿ ಬಾರ್ಟ್‌ಲೆಟ್ ಪೇರುಹಣ್ಣಿನಿಂದ ಬಟ್ಟಿ ಇಳಿಸಿದ್ದೂ ಸೇರಿರುವುದರಿಂದ ಮೂಗಿಗೆ ತೆಳುವಾದ ಹಣ್ಣಿನ ಸುಳಿವು ಸಿಗುತ್ತದೆ. ‘ಕ್ಯಾಲಿಫೋರ್ನಿಯಾ ಸಿಟ್ರಸ್’ನಲ್ಲಿ ವೆಲೆನ್ಸಿಯಾ ಮತ್ತು ಸೆವಿಲ್ ಕಿತ್ತಳೆಗಳ ಜೊತೆಗೆ ಬರ್ಗಮೊಟ್ ಎಂಬ ನಿಂಬೆಯ ಜಾತಿಯ ಘಮದ ಹಣ್ಣೂ ಇದೆ. ನಿಮ್ಮ ಖಾರದ ಲೋಟಕ್ಕೆ ‘ಗ್ರೀನ್ ಚಿಲಿ’ ಇದೆ. ಅದರಲ್ಲಿ ಹಲಪೀನ್ಯೋ, ಸೆರಾನೊ, ಹಬನೇರೊ ಮೆಣಸಿನಕಾಯಿಗಳು, ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಲೈಮಿನ ಸಿಪ್ಪೆ ಸೇರಿರುತ್ತವೆ. ಮುಚ್ಚಳ ತೆಗೆದರೆ ಮೊದಲು ಹೊಡೆಯುವುದು ಖಾರವಲ್ಲ, ಹಸಿಮೆಣಸಿನಕಾಯಿಯನ್ನು ಆಗತಾನೆ ಮುರಿದಾಗ ಬರುವ ಹಸಿರು ವಾಸನೆ. ಕೋಸಂಬರಿಯೊಡನೆ ಇದಕ್ಕಿಂತ ಒಳ್ಳೆಯ ಜೋಡಿಯನ್ನು ನಾನು ಕಾಣೆ.

ವಿಸ್ವಾ_ದಂಡೆ (ಕ್ರಾಕೋವ್, ಪೋಲೆಂಡ್)

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ. ವೋಡ್ಕಾದ ತವರಿನಲ್ಲಿ ಆರು ವರ್ಷದಿಂದ ಇರುವವನಾಗಿ ಒಂದೆರಡು ಮಾತು ಸೇರಿಸುತ್ತೇನೆ.

ಇಲ್ಲಿ ‘ಪೋಲಿಷ್ ವೋಡ್ಕಾ’ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದೆ. 2013ರಿಂದ ಜಾರಿಯಲ್ಲಿರುವ ನಿಯಮದಂತೆ ಪೋಲೆಂಡಿನಲ್ಲೇ ಬೆಳೆದ ರೈ, ಗೋಧಿ, ಟ್ರಿಟಿಕೇಲ್ (ಗೋಧಿ ಮತ್ತು ರೈಗಳ ಮಿಶ್ರ ತಳಿ), ಓಟ್ಸ್, ಬಾರ್ಲಿ ಅಥವಾ ಆಲೂಗಡ್ಡೆಯಿಂದ, ಪೋಲೆಂಡಿನಲ್ಲೇ ತಯಾರಾದದ್ದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಶೋಪೆನ್ ಎಂಬ ತಯಾರಕರು ಆಲೂಗಡ್ಡೆ, ರೈ, ಗೋಧಿ ಮೂರರಿಂದಲೂ ಬೇರೆ ಬೇರೆ ವೋಡ್ಕಾ ಮಾಡುತ್ತಾರೆ. ಧಾನ್ಯದಿಂದ ರುಚಿ ಬದಲಾಗುತ್ತದೆಯೇ ಎಂಬ ಸಂದೇಹವಿರುವವರು ಆ ಮೂರನ್ನು ಒಟ್ಟಿಗಿಟ್ಟು ಒಮ್ಮೆ ಮೂಸಿ ನೋಡಬೇಕು. ನಾನು ಹಾಗೆ ಮಾಡಿದ ದಿನ ನನ್ನ ಸಂದೇಹ ಮುಗಿಯಿತು. ಬೆಲ್ವಡೇರ್‌ನವರು ದಾಂಕೊವ್‌ಸ್ಕಿ ಎಂಬ ರೈ ತಳಿಯನ್ನು ಬಳಸುತ್ತಾರೆ. ಒಂದೇ ಪ್ರದೇಶದ ಹೊಲಗಳ ರೈಯಿಂದ ಪ್ರತ್ಯೇಕ ಬಾಟಲಿಗಳನ್ನೂ ತಂದಿದ್ದಾರೆ. ಕಾಫಿಯಲ್ಲಿ ನಾವು ಚಿಕ್ಕಮಗಳೂರಿನದು, ಕೊಡಗಿನದು ಎಂದು ಬೇರೆ ಮಾಡಿ ಹೇಳುವಂತೆಯೇ ಇದು.

ಆದರೆ ಘಮ ಎಂದೊಡನೆ ನನಗೆ ನೆನಪಾಗುವುದು ಜುಬ್ರೂಫ್ಕಾ. ಬ್ಯಾವೊವೆಝಾ ಕಾಡಿನ ಕಡೆ ಬೆಳೆಯುವ, ಕಾಡೆಮ್ಮೆಯ ಹುಲ್ಲು ಎಂದು ಕರೆಯುವ ಒಂದು ಸುವಾಸನೆಯ ಹುಲ್ಲನ್ನು ರೈ ವೋಡ್ಕಾದಲ್ಲಿ ನೆನೆಸಿ ಮಾಡುತ್ತಾರೆ. ಬಾಟಲಿಯೊಳಗೆ ಒಂದು ಎಸಳು ಹುಲ್ಲು ನಿಂತಿರುತ್ತದೆ. ಸುಗ್ಗಿಯಾದ ಮೇಲೆ ಬಣವೆ ಒಟ್ಟುವಾಗ ಬರುವ ಹುಲ್ಲಿನ ಬೆಚ್ಚನೆಯ ವಾಸನೆಗೆ ಸ್ವಲ್ಪ ವೆನಿಲಾ ಬೆರೆತಂತಿರುತ್ತದೆ. ಇಲ್ಲಿನವರು ಅದಕ್ಕೆ ಮೋಡ ಮೋಡವಾಗಿರುವ, ಸೋಸದ ಸೇಬಿನ ರಸ ಬೆರೆಸಿ ಕುಡಿಯುತ್ತಾರೆ. ಸೇಬಿನ ಕೇಕಿನ ಹೆಸರೇ ಅದಕ್ಕೂ: ಶಾರ್ಲೊತ್ಕಾ. ಒಂದು ಪಾಲು ವೋಡ್ಕಾ, ಎರಡು ಪಾಲು ರಸ, ಐಸು, ಅಷ್ಟೇ. ಬೇರೆ ಏನೂ ಇಲ್ಲದಿದ್ದರೂ ಸೇಬಿಗೆ ದಾಲ್ಚಿನ್ನಿ ಹಾಕಿದ್ದಾರೇನೋ ಎನ್ನಿಸುತ್ತದೆ.

ಅಮೆರಿಕದಲ್ಲಿರುವವರಿಗೆ ಒಂದು ಎಚ್ಚರಿಕೆ. ಆ ಹುಲ್ಲಿನ ಸುವಾಸನೆಗೆ ಕಾರಣವಾದ ಕೂಮರಿನ್ ಎಂಬ ವಸ್ತುವನ್ನು ಅಲ್ಲಿ 1954ರಿಂದ ಆಹಾರಕ್ಕೆ ಸೇರಿಸುವಂತಿಲ್ಲ. ಹಾಗಾಗಿ ನಿಮ್ಮಲ್ಲಿ ಮಾರುವ ರೂಪದಲ್ಲಿ ಕೂಮರಿನ್ ತೆಗೆದಿರುತ್ತಾರೆ, ಇಲ್ಲಿನದರ ಹಾಗೆಯೇ ಇರಬಹುದೆಂದು ನಿರೀಕ್ಷಿಸಬೇಡಿ.

ಇನ್ನೊಂದು ವಿಷಯ: ವೋಡ್ಕಾವನ್ನು ಫ್ರೀಜರಿನಿಂದ ತೆಗೆದು ಕುಡಿಯುವ ಅಭ್ಯಾಸ ಇಲ್ಲೂ ಇದೆ, ಊಟದ ಜೊತೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಆರಿಸುವಾಗ ಮಾತ್ರ ಹಾಗೆ ಮಾಡಬಾರದು. ತಣ್ಣಗಾದಷ್ಟೂ ವಾಸನೆ ಏಳುವುದಿಲ್ಲ. ಒಳ್ಳೆಯದೂ ಕೆಟ್ಟದ್ದೂ ಒಂದೇ ತೆರನಾಗಿ ತೋರುತ್ತದೆ.

ಕಟ್ಟೆ_ಮಾತು (ಸ್ಯಾನ್ ಹೊಸೆ)

ಎಲ್ಲರ ಮಾತನ್ನೂ ಒಪ್ಪುತ್ತೇನೆ, ಆದರೆ ಎಲ್ಲ ಕಾಕ್‌ಟೇಲಿಗೂ ದುಬಾರಿ ವೋಡ್ಕಾ ಬೇಕೆಂಬ ಭಾವನೆ ಯಾರಿಗೂ ಬರಬಾರದು. 1941ರ ಸುಮಾರಿಗೆ ಲಾಸ್ ಏಂಜಲೀಸಿನಲ್ಲಿ ಮಾಸ್ಕೋ ಮ್ಯೂಲ್ ಎಂಬ ಕಾಕ್‌ಟೇಲ್ ಹುಟ್ಟಿದ್ದೇ, ಕೊಳ್ಳುವವರಿಲ್ಲದೆ ಕುಳಿತಿದ್ದ ವೋಡ್ಕಾವನ್ನೂ ಶುಂಠಿ ಬಿಯರನ್ನೂ ಖರ್ಚು ಮಾಡಲು ಎಂದು ಹೇಳುತ್ತಾರೆ. ಆ ಲೋಟದಲ್ಲಿ ಮಾತಾಡುವುದು ಶುಂಠಿ. ಕಾಫಿ ಹಾಕುವ ಎಸ್‌ಪ್ರೆಸೊ ಮಾರ್ಟಿನಿಯೂ ಹೆಚ್ಚುಕಡಿಮೆ ಹಾಗೆಯೇ. ಅಂಥವಕ್ಕೆ ಹದಿನೈದು ಇಪ್ಪತ್ತು ಡಾಲರಿನ ಸ್ವಚ್ಛವಾದ ಸಾದಾ ವೋಡ್ಕಾ ಸಾಕು. ಸೋಡಾ, ಒಣ ವರ್ಮೂತ್ (ಗಿಡಮೂಲಿಕೆ ಬೆರೆತ, ಸಿಹಿ ಕಡಿಮೆಯ ವೈನ್), ಒಂದು ಹನಿ ನಿಂಬೆ ಹೀಗೆ ಎರಡು ಮೂರು ಪದಾರ್ಥ ಮಾತ್ರ ಇರುವ ಕಡೆ ನಿಮ್ಮ ಹಣ ಹಾಕಿ.

ಬಸವನಗುಡಿ_ಅಡುಗೆಮನೆ (ಬೆಂಗಳೂರು)

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಮೇಲಿನ ಹೆಸರುಗಳಲ್ಲಿ ಹಲವು ಸಿಗುವುದಿಲ್ಲ. ಸಿಕ್ಕರೂ ಸುಂಕ ಸೇರಿ ಬೆಲೆ ಕೈಗೆಟುಕುವುದಿಲ್ಲ. ಭಾರತದಲ್ಲೇ ಸ್ಮೋಕ್ ಲ್ಯಾಬ್ ಎಂಬವರು ಬಾಸ್ಮತಿ ಅಕ್ಕಿಯಿಂದ ವೋಡ್ಕಾ ಮಾಡುತ್ತಿದ್ದಾರೆ. ಅಕ್ಕಿಯ ವೋಡ್ಕಾದ ಗುಣ ಗೋಧಿಯದಕ್ಕಿಂತ ಬೇರೆ: ಬಾಯಲ್ಲಿ ಹಗುರ, ಕೊನೆಯಲ್ಲಿ ಅನ್ನದ ತಿಳಿಯಂಥ ಒಂದು ಸಣ್ಣ ಸಿಹಿ.

ಆದರೆ ನಾನು ಹೇಳಬೇಕೆಂದಿರುವುದು ಮನೆಯಲ್ಲೇ ಪರಿಮಳ ಹಿಡಿಸುವ ಬಗೆ. ಸ್ವಚ್ಛವಾದ ಸಾದಾ ವೋಡ್ಕಾ ಒಂದಿದ್ದರೆ, ಹೇಮಾವತಿ ಅವರಿಗೆ ಸಿಕ್ಕ ಪೆಪ್ಪರ್‌ಮಿಂಟ್ ಬಾಟಲಿಗಿಂತ ನೂರು ಪಾಲು ಮೇಲಾದದ್ದನ್ನು ನಾವೇ ಮಾಡಿಕೊಳ್ಳಬಹುದು. ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಬಂದಾಗ ನಾನು ಪ್ರತಿವರ್ಷ ಮಾಡುತ್ತೇನೆ. ಸಿಪ್ಪೆ ಸಡಿಲವಾಗಿ ಸುಲಿದು ಬರುವ ಹಣ್ಣಾದ್ದರಿಂದ, ಸುಲಿದ ಮೇಲೆ ಒಳಗಿನ ಬಿಳಿಯ ಪದರವನ್ನು ಚಮಚದ ಅಂಚಿನಿಂದ ಪೂರ್ತಿ ಕೆರೆದು ತೆಗೆಯಬೇಕು. ಕಹಿ ಇರುವುದು ಅಲ್ಲಿ. ನಾಲ್ಕು ಹಣ್ಣಿನ ಹೊರಸಿಪ್ಪೆಗೆ 750 ಮಿ.ಲೀ. ವೋಡ್ಕಾ, ಗಾಜಿನ ಭರಣಿ, ಬಿಸಿಲು ಬೀಳದ ಕಪಾಟು. ಮೊದಲ ದಿನ ಬಣ್ಣ ಬರುತ್ತದೆ, ಎರಡನೆಯ ದಿನ ಘಮ ತುಂಬುತ್ತದೆ, ನಾಲ್ಕನೆಯ ದಿನಕ್ಕೆ ಬಿಟ್ಟರೆ ಒಗರು ಶುರುವಾಗುತ್ತದೆ. ಆದ್ದರಿಂದ ಎರಡು ದಿನಕ್ಕೆ ಮಲ್ ಬಟ್ಟೆಯಲ್ಲಿ ಸೋಸಿಬಿಡಿ. ಇಲ್ಲಿನ ವೋಡ್ಕಾದಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 42.8 ಇರುವುದರಿಂದ ಸಿಪ್ಪೆಯ ಎಣ್ಣೆಯನ್ನು ಚೆನ್ನಾಗಿ ಎಳೆಯುತ್ತದೆ. ಸೋಡಾ ಬೆರೆಸಿದಾಗ ಅದು ತುಸು ಮಂಜಾದರೆ ಗಾಬರಿಯಾಗಬೇಡಿ. ಮದ್ಯಸಾರದಲ್ಲಿ ಕರಗಿದ್ದ ಎಣ್ಣೆ ನೀರು ಸೇರಿದೊಡನೆ ಬಿಟ್ಟುಕೊಳ್ಳುವುದರಿಂದ ಹಾಗಾಗುತ್ತದೆ. ನಿಜವಾದ ಸಿಪ್ಪೆ ಬಿದ್ದಿದೆ ಎಂಬುದಕ್ಕೆ ಅದೇ ಸಾಕ್ಷಿ.

ಮೆಣಸಿನಕಾಯಿಯ ವಿಷಯದಲ್ಲಿ ಮಾತ್ರ ಗಡಿಯಾರ ಹಿಡಿದು ಕೂರಬೇಕು. ಖಾರದ ಅಂಶ ನೀರಿನಲ್ಲಿ ಕರಗುವುದು ಅತ್ಯಲ್ಪ, ಮದ್ಯಸಾರದಲ್ಲಿ ಬಹಳ ಬೇಗ ಕರಗುತ್ತದೆ. 350 ಮಿ.ಲೀ.ಗೆ ಎರಡು ಹಸಿಮೆಣಸಿನಕಾಯಿ ಸೀಳಿ, ಬೀಜ ತೆಗೆದು ಹಾಕಿ, ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಚಮಚ ರುಚಿ ನೋಡುತ್ತಿರಿ. ನನ್ನ ಮನೆಯಲ್ಲಿ ಒಂದು ಗಂಟೆಯ ಆಚೀಚೆ ಸರಿಹೋಗುತ್ತದೆ. ಒಮ್ಮೆ ಸೂಜಿಮೆಣಸು ಹಾಕಿ ರಾತ್ರಿಯಿಡೀ ಮರೆತು, ಬೆಳಿಗ್ಗೆ ಇಡೀ ಬಾಟಲಿಯನ್ನು ಚೆಲ್ಲಬೇಕಾಯಿತು. ಒಣ ಪುನರ್ಪುಳಿ ಸಿಪ್ಪೆಯೂ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಐದಾರು ಗಂಟೆ ಸಾಕು, ಬಣ್ಣವಂತೂ ಕಣ್ಣಿಗೆ ಹಬ್ಬ.

ಮೂರನೇ_ಅಡ್ಡರಸ್ತೆ (ಓಕ್ಲೆಂಡ್)

ಫ್ರೀಜರಿನ ಬಗ್ಗೆ ಕ್ರಾಕೋವ್‌ನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪರೀಕ್ಷೆ ಮಾಡುವ ಕ್ರಮವನ್ನೂ ತಿಳಿಸಿಬಿಡುತ್ತೇನೆ. ಒಂದೇ ಅಳತೆಯ ಸಣ್ಣ ಲೋಟಗಳಲ್ಲಿ 20 ಮಿ.ಲೀ. ವೋಡ್ಕಾಕ್ಕೆ ಅಷ್ಟೇ ನೀರು, ಕೋಣೆಯ ಬಿಸುಪಿನದು, ಬೆರೆಸಿ ಐದು ನಿಮಿಷ ತಟ್ಟೆ ಮುಚ್ಚಿಡಿ. ತೆಗೆದೊಡನೆ ಮೂಸಿ, ಆಮೇಲೆ ಒಂದು ಗುಟುಕು. ನೀರು ಸೇರಿದಾಗ ಮದ್ಯಸಾರದ ಘಾಟು ಹಿಂದೆ ಸರಿದು ಉಳಿದದ್ದು ಮುಂದೆ ಬರುತ್ತದೆ. ಲೋಟ ಖಾಲಿ ಮಾಡಿ ಕಾಲು ಗಂಟೆಯ ನಂತರ ಬರಿಯ ಲೋಟವನ್ನು ಇನ್ನೊಮ್ಮೆ ಮೂಸಿ. ಒಳ್ಳೆಯ ರೈ ವೋಡ್ಕಾ ಇದ್ದ ಲೋಟದಲ್ಲಿ ಆಗಲೂ ರೊಟ್ಟಿಯ ವಾಸನೆ ಇರುತ್ತದೆ, ಸೇರಿಸಿದ ಕೃತಕ ಪರಿಮಳದ್ದರಲ್ಲಿ ಸಕ್ಕರೆ ಮಿಠಾಯಿಯ ವಾಸನೆ ಮಾತ್ರ.

ಹೇಮಾವತಿ_ತೀರ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆಯೇ ಈ ಶನಿವಾರ ನಾನು ಮತ್ತು ನನ್ನ ಪತ್ನಿ ನಾಲ್ಕು ಲೋಟ ಸಾಲಾಗಿಟ್ಟು ಪರೀಕ್ಷೆ ಮಾಡಿದೆವು: ಸೇಂಟ್ ಜಾರ್ಜ್‌ನ ಸಿಟ್ರಸ್ ಮತ್ತು ಗ್ರೀನ್ ಚಿಲಿ, ಪೋಲೆಂಡಿನ ಒಂದು ರೈ ವೋಡ್ಕಾ, ಕಪಾಟಿನಲ್ಲಿ ಅರ್ಧ ಉಳಿದಿದ್ದ ಆ ಹಳೆಯ ಕಿತ್ತಳೆ ಬಾಟಲಿ. ಹಳೆಯದರ ಹಿಂದಿನ ಲೇಬಲ್ಲಿನಲ್ಲಿ ‘ಬಾಟಲ್ಡ್ ಬೈ’ ಎಂದಷ್ಟೇ ಇತ್ತು, ಮದ್ಯಸಾರ ಶೇ. 30. ನೀರು ಬೆರೆಸಿದಾಗ ಅದರ ವಾಸನೆ ತೆಳುವಾಯಿತು; ಸಿಟ್ರಸ್‌ನದು ಮಾತ್ರ ಅರಳಿತು. ಕಾಲು ಗಂಟೆಯ ನಂತರ ಖಾಲಿ ಲೋಟ ಮೂಸಿದ ನನ್ನ ಪತ್ನಿ, ಕಿತ್ತಳೆ ಸುಲಿದ ಮೇಲೆ ಉಗುರಿನ ಸಂದಿಯಲ್ಲಿ ಉಳಿಯುವ ವಾಸನೆ ಇದು ಎಂದರು. ರೈ ವೋಡ್ಕಾದ ಲೋಟದಲ್ಲಿ ರೊಟ್ಟಿಯ ಅಂಚು ನನಗೂ ಸ್ಪಷ್ಟವಾಗಿ ಸಿಕ್ಕಿತು.

ಹಣ್ಣಿನ ಲೋಟಕ್ಕೆ ಸಿಟ್ರಸ್ ವೋಡ್ಕಾ 60 ಮಿ.ಲೀ., ನಿಂಬೆರಸ 20, ಸಕ್ಕರೆ ಪಾಕ 15, ಮೇಲೆ ಸೋಡಾ ಎಂದು ನಿರ್ಧರಿಸಿದ್ದೇವೆ. ಮೊದಲು 30 ಮಿ.ಲೀ. ನಿಂಬೆರಸ ಹಾಕಿ ನೋಡಿದೆವು, ಬರ್ಗಮೊಟ್ ಪೂರ್ತಿ ಮುಚ್ಚಿಹೋಯಿತು. ಖಾರದ್ದಕ್ಕೆ ಗ್ರೀನ್ ಚಿಲಿ 50 ಮಿ.ಲೀ., ತುರಿದು ಹಿಂಡಿದ ಎಳೆ ಸೌತೆಕಾಯಿಯ ರಸ 60, ನಿಂಬೆ 15, ಒಂದು ಚಿಟಿಕೆ ಉಪ್ಪು, ಪಾಕ ಬೇಕೆನಿಸಲಿಲ್ಲ. ರೈ ವೋಡ್ಕಾವನ್ನು ಸೋಸದ ಸೇಬಿನ ರಸದೊಡನೆ ಕೊಡೋಣವೆಂದಿದ್ದೇನೆ, ಶಾರ್ಲೊತ್ಕಾ ಅಲ್ಲದಿದ್ದರೂ ಅದರ ನೆನಪಿಗೆ. ಬಸವನಗುಡಿಯವರೇ, ಇಲ್ಲಿನ ರೈತಸಂತೆಯಲ್ಲಿ ನಿನ್ನೆ ಒಂದು ಬುದ್ಧನ ಕೈ ಸಿಕ್ಕಿತು. ಅದರ ಬಿಳಿಯ ಭಾಗ ಕಹಿಯಿಲ್ಲವೆಂದು ಮಾರುವವರು ಹೇಳಿದರು, ನಾಲಿಗೆಗಿಟ್ಟು ನೋಡಿದೆ, ನಿಜ. ಅದಕ್ಕೆ ಕೆರೆಯದೆ ಹಾಗೆಯೇ ಹೆಚ್ಚಿ ಅರ್ಧ ಲೀಟರ್ ಸಾದಾ ವೋಡ್ಕಾದಲ್ಲಿ ಹಾಕಿದ್ದೇನೆ. ನಾಳೆ ಸಂಜೆಗೆ ಎರಡು ದಿನವಾಗುತ್ತದೆ. ಸೋಸಿ, ಹೇಗಾಯಿತೆಂದು ಇಲ್ಲೇ ಬರೆಯುತ್ತೇನೆ.